ಭೂವಿಜ್ಞಾನ ಸಮ್ಮೇಳನ: ಯಾವ ಫೀಲ್ಡ್ ಟ್ರಿಪ್ಪಿಗೆ ಹೆಸರು ಕೊಡೋದು?

ಕರ್ನಾಟಕದಲ್ಲಿ ಭೂವಿಜ್ಞಾನದ ಸಮ್ಮೇಳನ ಅಂದರೆ ಹೆಚ್ಚಿನ ಸಲ ಮಾತು ಧಾರವಾಡ ಕ್ರೇಟಾನ್ ಸುತ್ತಲೇ ತಿರುಗುತ್ತದೆ. ಕ್ರೇಟಾನ್ ಅಂದರೆ ಬಹುಕಾಲದಿಂದ ಹೆಚ್ಚು ಅಲುಗಾಡದೆ ಉಳಿದ ಹಳೆಯ ಭೂಖಂಡದ ತುಂಡು, ನಾವು ನಿಂತಿರುವ ನೆಲವೇ ಅದು. 330 ಕೋಟಿ ವರ್ಷದಿಂದ 250 ಕೋಟಿ ವರ್ಷದ ತನಕದ ಕಲ್ಲುಗಳು ಇಲ್ಲಿ ರಸ್ತೆ ಪಕ್ಕದಲ್ಲೇ ಸಿಗುತ್ತವೆ. ಹಾಗಾಗಿ ಆಯೋಜಕರು ಎರಡು ಮೂರು ದಿನದ ಭಾಷಣಗಳ ಜೊತೆ ಫೀಲ್ಡ್ ಟ್ರಿಪ್ಪನ್ನೂ ಇಟ್ಟೇ ಇಡುತ್ತಾರೆ. ಸಮ್ಮೇಳನಕ್ಕೆ ಮೊದಲು ಒಂದು, ನಡುವೆ ಒಂದು ದಿನದ್ದು, ಮುಗಿದ ಮೇಲೆ ಇನ್ನೊಂದೆರಡು. ನೋಂದಣಿ ಫಾರ್ಮ್ ತುಂಬುವಾಗ ಎಲ್ಲರ ಕೈಯೂ ತಡೆಯುವುದು ಈ ಜಾಗದಲ್ಲೇ.

ಎಂ.ಎಸ್ಸಿ. ಹುಡುಗರು, ಕಾಲೇಜು ಮೇಷ್ಟ್ರುಗಳು, ಗಣಿ ಕಂಪನಿಯಲ್ಲಿ ಕೆಲಸ ಮಾಡುವವರು, ಸುಮ್ನೆ ಕಲ್ಲಿನ ಹುಚ್ಚು ಹತ್ತಿಸಿಕೊಂಡವರು, ಎಲ್ಲರೂ ಕೇಳುವುದು ಒಂದನ್ನೇ: ಎಲ್ಲದಕ್ಕೂ ಹೋಗಲು ರಜೆಯೂ ಇಲ್ಲ, ದುಡ್ಡೂ ಇಲ್ಲ, ಒಂದೇ ಆರಿಸಬೇಕು ಅಂದರೆ ಯಾವುದು?

ನನ್ನ ಮಟ್ಟಿಗೆ ಮೊದಲು ಟ್ರಿಪ್ ಆರಿಸಬೇಕು, ಸಮ್ಮೇಳನಕ್ಕೆ ಹೋಗಬೇಕೋ ಬೇಡವೋ ಅನ್ನುವುದು ಆಮೇಲೆ. ಭಾಷಣದ ಸಾರಾಂಶ ಪುಸ್ತಕದಲ್ಲಿ ಬರುತ್ತದೆ, ಪೇಪರ್ ಆಮೇಲೆ ಓದಬಹುದು. ಒಂದು ಬಂಡೆಯ ಮುಂದೆ ನಿಂತು ಇಬ್ಬರು ಹಿರಿಯರು "ಇದು ಲಾವಾ ಕಣ್ರೀ", "ಅಲ್ಲ ಸ್ವಾಮಿ, ಬೂದಿ ಬಿದ್ದು ಗಟ್ಟಿಯಾಗಿದ್ದು" ಅಂತ ವಾದ ಮಾಡುವುದನ್ನು ನೋಡಬೇಕಾದರೆ ಅಲ್ಲಿ ನಾವೇ ಇರಬೇಕು.

ಮೊದಲು ಅಳತೆಗೋಲು

ಜಾಗದ ಹೆಸರು ನೋಡಿ ಮರುಳಾಗುವ ಮೊದಲು ಕೆಲವು ವಿಷಯ ನೋಡಿಕೊಳ್ಳಿ.

ಒಂದು, ಬಸ್ಸಿನಲ್ಲಿ ಎಷ್ಟು ಹೊತ್ತು, ಬಂಡೆಯ ಮೇಲೆ ಎಷ್ಟು ಹೊತ್ತು. ಸುತ್ತೋಲೆಯಲ್ಲಿ ಒಂದೇ ದಿನಕ್ಕೆ ಹತ್ತು ಸ್ಟಾಪ್ ಅಂತ ಬರೆದಿದ್ದರೆ ಖುಷಿಪಡಬೇಡಿ. ನಲವತ್ತು ಜನರ ಬಸ್ಸಿನಿಂದ ಎಲ್ಲರೂ ಇಳಿದು, ನೋಡಿ, ಫೋಟೋ ತೆಗೆದು, ಮತ್ತೆ ಹತ್ತಲೇ ಅರ್ಧ ಗಂಟೆ ಬೇಕು. ಹತ್ತು ಸ್ಟಾಪ್ ಇದ್ದರೆ ಕೊನೆಯ ನಾಲ್ಕನ್ನು ಕತ್ತಲಲ್ಲಿ ಟಾರ್ಚ್ ಬಿಟ್ಟು ನೋಡುತ್ತೀರಿ, ಇಲ್ಲವೇ ನೋಡುವುದೇ ಇಲ್ಲ. ದಿನಕ್ಕೆ ನಾಲ್ಕೈದು ಸ್ಟಾಪ್ ಇಟ್ಟವರಿಗೆ ಆ ಜಾಗ ಚೆನ್ನಾಗಿ ಗೊತ್ತಿದೆ ಅಂತ ಅರ್ಥ.

ಎರಡು, ಕರೆದುಕೊಂಡು ಹೋಗುವವರು ಯಾರು. ಇದೇ ಎಲ್ಲಕ್ಕಿಂತ ಮುಖ್ಯ. ಆ ಪ್ರದೇಶದ ನಕ್ಷೆ ಮಾಡಿದವರು, ಅಲ್ಲೇ ವರ್ಷಗಟ್ಟಲೆ ಅಲೆದವರು ಜೊತೆಗಿದ್ದರೆ ಸಾಧಾರಣ ಜಾಗವೂ ಮಾತಾಡುತ್ತದೆ. ಅವರಿಲ್ಲದಿದ್ದರೆ ಎಂಥ ಹೆಸರಾಂತ ಜಾಗವೂ ಬರೀ ಕಲ್ಲು. ಮುಂದಾಳುಗಳ ಹೆಸರು ಸುತ್ತೋಲೆಯಲ್ಲಿ ಇಲ್ಲದಿದ್ದರೆ ಇಮೇಲ್ ಹಾಕಿ ಕೇಳಿ. ಇದರಲ್ಲಿ ಸಂಕೋಚ ಬೇಡ.

ಮೂರು, ದುಡ್ಡು. ಶುಲ್ಕ ಎಷ್ಟು ಅನ್ನುವುದಕ್ಕಿಂತ ಅದರಲ್ಲಿ ಏನೇನು ಸೇರಿದೆ ಅನ್ನುವುದು ದೊಡ್ಡದು. ರೂಮು ಇಬ್ಬರಿಗೋ ಮೂವರಿಗೋ? ಊಟ ಸೇರಿದೆಯಾ? ಗೈಡ್‌ಬುಕ್ ಕೊಡ್ತಾರಾ? ಕೊನೆಯ ದಿನ ವಾಪಸ್ ಬೆಂಗಳೂರಿಗೆ ತಂದು ಬಿಡ್ತಾರಾ, ಇಲ್ಲ ಹೊಸಪೇಟೆಯಲ್ಲೇ "ಟಾಟಾ" ಹೇಳ್ತಾರಾ? ವಿದ್ಯಾರ್ಥಿಗಳಿಗೆ ರಿಯಾಯಿತಿ ಇದ್ದರೂ ಕೆಲವೊಮ್ಮೆ ಅದು ಸಮ್ಮೇಳನಕ್ಕೆ ಮಾತ್ರ, ಟ್ರಿಪ್ಪಿಗೆ ಇರುವುದಿಲ್ಲ. ಮೇಷ್ಟ್ರುಗಳಿಗೆ ಇನ್ನೊಂದು ಪೇಚಾಟ: ಸಮ್ಮೇಳನದ ದಿನಗಳಿಗೆ ಓಓಡಿ (ಕೆಲಸದ ಮೇಲೆ ಹೊರಗೆ ಹೋದ ಲೆಕ್ಕ) ಸಿಗುತ್ತದೆ, ಆಮೇಲಿನ ಮೂರು ದಿನದ ಟ್ರಿಪ್ಪಿಗೆ ಸಿ.ಎಲ್. ಹಾಕಬೇಕಾಗುತ್ತದೆ. ಆಹ್ವಾನ ಪತ್ರದಲ್ಲಿ ಟ್ರಿಪ್ಪಿನ ದಿನಾಂಕಗಳನ್ನೂ ಸೇರಿಸಿ ಕೊಡಿ ಅಂತ ಮೊದಲೇ ಕೇಳಿಕೊಂಡರೆ ಈ ತಲೆನೋವು ತಪ್ಪಬಹುದು.

ನಾಲ್ಕು, ಮೈ ಮತ್ತು ಹವಾಮಾನ. ಫೆಬ್ರವರಿ ದಾಟಿದ ಮೇಲೆ ಬಳ್ಳಾರಿ, ಬಾಗಲಕೋಟೆ ಕಡೆ ಮಧ್ಯಾಹ್ನ ಬಂಡೆ ಮೇಲೆ ಕೈ ಇಡಲು ಆಗುವುದಿಲ್ಲ. ಮಳೆಗಾಲದಲ್ಲಿ ಕರಾವಳಿಯ ದ್ವೀಪಕ್ಕೆ ದೋಣಿಯೇ ಹೋಗುವುದಿಲ್ಲ. ಶೌಚಾಲಯದ ವ್ಯವಸ್ಥೆ ಎಲ್ಲೆಲ್ಲಿ ಅಂತ ಹೆಣ್ಣುಮಕ್ಕಳು ಮೊದಲೇ ಕೇಳಬೇಕಾದ ಸ್ಥಿತಿ ಇನ್ನೂ ಇದೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಇಟ್ಟುಕೊಂಡ ಆಯೋಜಕರು ಉಳಿದ ವ್ಯವಸ್ಥೆಯನ್ನೂ ಸರಿಯಾಗಿ ಮಾಡಿರುತ್ತಾರೆ.

ಇನ್ನು ಬೆಂಗಳೂರಿನಲ್ಲಿ ಸಮ್ಮೇಳನ ನಡೆಯುತ್ತಿದೆ ಅಂತ ಇಟ್ಟುಕೊಂಡು ಒಂದೊಂದೇ ದಾರಿ ನೋಡೋಣ.

ಊರು ಬಿಡದೆ: ಲಾಲ್‌ಬಾಗ್

ಟ್ರಿಪ್ಪಿಗೆ ದುಡ್ಡಿಲ್ಲ, ರಜೆ ಇಲ್ಲ ಅನ್ನುವವರಿಗೆ ಇದು. ಲಾಲ್‌ಬಾಗಿನ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಪೆನಿನ್ಸುಲಾರ್ ನೈಸ್ ಅನ್ನುವ, ಆಳದ ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ ಪಟ್ಟೆ ಪಟ್ಟೆಯಾದ ಈ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಬೆಳಗ್ಗೆ ವಾಕಿಂಗಿಗೆ ಬಂದವರು ಅದರ ಮೇಲೆಯೇ ಕೂತು ಕಡಲೆಕಾಯಿ ತಿನ್ನುತ್ತಾರೆ. ಸಮ್ಮೇಳನದ ಎರಡನೇ ದಿನ ಬೆಳಗ್ಗೆ ಬೇಗ ಎದ್ದು, ಕ್ರೇಟಾನಿನ ಹೊರಗಿನಿಂದ ಬಂದ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಬಿಳಿ ಮತ್ತು ಬೂದು ಪಟ್ಟೆಗಳು ಎಲ್ಲಿ ಮಡಚಿವೆ, ಯಾವ ಎಳೆ ಯಾವುದನ್ನು ಕತ್ತರಿಸಿ ಹೋಗಿದೆ ಅಂತ ನೋಡುತ್ತಾ ಕೂತರೆ ಒಂದು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಸುತ್ತಿಗೆ ರೂಮಿನಲ್ಲೇ ಬಿಟ್ಟು ಹೋಗಿ, ಸ್ಮಾರಕದ ಕಲ್ಲು ಒಡೆಯುವಂತಿಲ್ಲ.

ಇಷ್ಟು ಮಾತ್ರ ನೋಡಿ ಹೋದರೆ ನಷ್ಟವಾ? ಪೇಪರ್ ಓದಿ, ಗೈಡ್ ಹುಡುಕಿಕೊಂಡು, ಪಿಎಚ್‌.ಡಿ. ಸೀಟಿನ ಮಾತಾಡಲು ಬಂದವರಿಗೆ ನಷ್ಟವಿಲ್ಲ. ಕಲ್ಲು ಕಲಿಯಲು ಬಂದವರಿಗೆ ಸಾಲದು.

ಒಂದು ದಿನ: ಕಬ್ಬಾಳದುರ್ಗ ಮತ್ತು ರಾಮನಗರ

ಸಮ್ಮೇಳನದ ನಡುವಿನ ದಿನ ಸಾಮಾನ್ಯವಾಗಿ ಈ ದಾರಿಗೇ ಬಸ್ ಹೊರಡುತ್ತದೆ. ರಾಮನಗರ ಸುಮಾರು 50 ಕಿ.ಮೀ., ಕಬ್ಬಾಳದುರ್ಗ ಸುಮಾರು 80. ಸಂಜೆ ಊಟಕ್ಕೆ ವಾಪಸ್. ಖರ್ಚು ಕಡಿಮೆ, ಎಷ್ಟೋ ಸಲ ನೋಂದಣಿ ಶುಲ್ಕದಲ್ಲೇ ಸೇರಿರುತ್ತದೆ.

ಕಬ್ಬಾಳದುರ್ಗದ ಕಲ್ಲುಕ್ವಾರಿಗೆ ಪ್ರಪಂಚದಲ್ಲೇ ಹೆಸರಿದೆ. ಬೂದು ಬಣ್ಣದ ನೈಸ್ ಒಳಗೆ ಅಲ್ಲಲ್ಲಿ ಕಪ್ಪು ಹಸಿರಿನ, ಎಣ್ಣೆ ಸವರಿದಂಥ ಮಚ್ಚೆಗಳು. ಅದು ಚಾರ್ನೊಕೈಟ್, ಭೂಮಿಯ ಆಳದಲ್ಲಿ ಹೆಚ್ಚು ಬಿಸಿಯಲ್ಲಿ, ನೀರಿನಂಶ ಕಡಿಮೆ ಇರುವಲ್ಲಿ ಆಗುವ ಕಲ್ಲು. ನೈಸ್ ಚಾರ್ನೊಕೈಟ್ ಆಗುತ್ತಾ ಅರ್ಧಕ್ಕೇ ನಿಂತುಹೋದ ಸ್ಥಿತಿ ಇಲ್ಲಿ ಕಣ್ಣೆದುರಿಗೇ ಇದೆ. ಸಿ.ಎಸ್. ಪಿಚ್ಚಮುತ್ತು 1960ರಲ್ಲಿ ಇದನ್ನು ಬರೆದ ಮೇಲೆ ಜಗತ್ತಿನ ಎಲ್ಲೆಡೆಯಿಂದ ಭೂವಿಜ್ಞಾನಿಗಳು ಇಲ್ಲಿಗೆ ಬರಲು ಶುರು ಮಾಡಿದರು. ಮಚ್ಚೆಗೆ ಗಡಿಯೇ ಇಲ್ಲ ಅನ್ನುವುದನ್ನು ಗಮನಿಸಿ. ಹೊರಗಿನಿಂದ ಬಂದು ನುಗ್ಗಿದ ಕಲ್ಲಾದರೆ ಅಂಚು ಚೂಪಾಗಿರುತ್ತದೆ. ಇಲ್ಲಿ ನೈಸಿನ ಪಟ್ಟೆಗಳು ಮಚ್ಚೆಯ ಒಳಗೂ ಮಸುಕಾಗಿ ಮುಂದುವರಿಯುತ್ತವೆ. ಅಂದರೆ ಅದೇ ಕಲ್ಲು ಇದ್ದಲ್ಲೇ ಬದಲಾಗಿದೆ. ಬಾಟಲಿಯ ನೀರು ಸ್ವಲ್ಪ ಸುರಿದು ನೋಡಿ, ಒಣ ಕಲ್ಲಿನಲ್ಲಿ ಕಾಣದ ಪಟ್ಟೆ ಒದ್ದೆ ಕಲ್ಲಿನಲ್ಲಿ ಎದ್ದು ಬರುತ್ತದೆ.

ಯಾಕೆ ಬದಲಾಯಿತು ಅನ್ನುವುದರಲ್ಲಿ ಇನ್ನೂ ಒಮ್ಮತವಿಲ್ಲ. ಆಳದಿಂದ ಬಂದ ಇಂಗಾಲದ ಡೈ ಆಕ್ಸೈಡ್ ತುಂಬಿದ ದ್ರವ ನೀರಿನಂಶವನ್ನು ಓಡಿಸಿತು, ಹಾಗಾಗಿ ಹೈಪರ್ಸ್ತೀನ್ (ಚಾರ್ನೊಕೈಟಿನ ಗುರುತಾದ ಖನಿಜ) ಹುಟ್ಟಿತು ಅನ್ನುವವರು ಒಂದು ಕಡೆ. ಬಿಸಿಗೆ ಕಲ್ಲು ಸ್ವಲ್ಪ ಸ್ವಲ್ಪ ಕರಗಿದ್ದೇ ಕಾರಣ ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಒಂದೇ ಬಸ್ಸಿನಲ್ಲಿದ್ದರೆ ನಿಮ್ಮ ಅದೃಷ್ಟ.

ವಾಪಸ್ ಬರುವಾಗ ರಾಮನಗರದ ಕ್ಲೋಸ್‌ಪೇಟೆ ಗ್ರಾನೈಟ್. ಸುಮಾರು 250 ಕೋಟಿ ವರ್ಷದ್ದು. ಉತ್ತರ ದಕ್ಷಿಣವಾಗಿ ಸುಮಾರು 400 ಕಿ.ಮೀ. ಉದ್ದಕ್ಕೆ ಹರಡಿರುವ ಪಟ್ಟಿಯ ಒಂದು ತುಣುಕು. ಹೆಬ್ಬೆರಳಿನಷ್ಟು ಗಾತ್ರದ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳನ್ನು ನೋಡಲು ಲೆನ್ಸ್ ಕೂಡ ಬೇಡ. ರಾಮದೇವರ ಬೆಟ್ಟ ರಣಹದ್ದುಗಳ ಧಾಮವಾದ್ದರಿಂದ ಅರಣ್ಯ ಇಲಾಖೆಯ ನಿಯಮಗಳಿವೆ. ಬೆಟ್ಟ ಹತ್ತುತ್ತೇವೆ ಅಂತ ಸುತ್ತೋಲೆಯಲ್ಲಿದ್ದರೆ ಅನುಮತಿ ಸಿಕ್ಕಿದೆಯಾ ಕೇಳಿ.

ಈ ಟ್ರಿಪ್ಪಿನ ದೋಷ ಏನಂದರೆ ಎಲ್ಲರೂ ಬರುತ್ತಾರೆ. ಎರಡು ಮೂರು ಬಸ್, ಮುಂದಾಳು ಒಬ್ಬರು, ಹಿಂದೆ ನಿಂತವರಿಗೆ ಏನೂ ಕೇಳಿಸುವುದಿಲ್ಲ. ಮೊದಲ ಬಸ್ಸಿಗೇ ಹತ್ತಿ, ಇಳಿದ ಕೂಡಲೇ ಮುಂದಾಳಿನ ಪಕ್ಕಕ್ಕೆ ಹೋಗಿ ನಿಲ್ಲಿ. ನಾಚಿಕೆ ಬಿಡಬೇಕು. ಕ್ವಾರಿಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ನೀರು ತುಂಬುತ್ತದೆ, ಪೊದೆ ಬೆಳೆಯುತ್ತದೆ. ಇತ್ತೀಚೆಗೆ ಯಾರಾದರೂ ಹೋಗಿ ನೋಡಿ ಬಂದಿದ್ದಾರಾ ಅಂತ ಕೇಳಿದರೆ ತಪ್ಪಿಲ್ಲ.

ಕೋಲಾರದ ಚಿನ್ನ: ಹೆಸರು ದೊಡ್ಡದು

ಒಂದು ದಿನದ ಇನ್ನೊಂದು ದಾರಿ ಕೆ.ಜಿ.ಎಫ್., ಸುಮಾರು 100 ಕಿ.ಮೀ. ಹೆಸರು ಕೇಳಿದ ಕೂಡಲೇ ಸೀಟು ತುಂಬುತ್ತದೆ. ಆದರೆ ಗಣಿ ಮುಚ್ಚಿದ್ದು 2001ರಲ್ಲಿ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಅಲ್ಲಿಯ ಚಾಂಪಿಯನ್ ರೀಫ್ ಗಣಿ ಈಗ ಯಾರಿಗೂ ಕಾಣುವುದಿಲ್ಲ. ಮೇಲೆ ಕಾಣುವುದು ಸಯನೈಡ್ ದಿಬ್ಬಗಳು (ಚಿನ್ನ ತೆಗೆದು ಉಳಿದ ಪುಡಿಯ ರಾಶಿ), ಬ್ರಿಟಿಷರ ಕಾಲದ ಬಂಗಲೆಗಳು, ಸುಮ್ಮನೆ ನಿಂತ ಶಾಫ್ಟ್‌ಗಳು. ಗಣಿಯ ಇತಿಹಾಸದಲ್ಲಿ ಆಸಕ್ತಿ ಇದ್ದವರಿಗೆ ಇದು ಮನಸ್ಸು ತುಂಬುವ ಜಾಗ. ಕಲ್ಲು ನೋಡಲು ಹೋಗುವವರು ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಗಳು ಪಟ್ಟಿಯಲ್ಲಿವೆಯಾ ನೋಡಿಕೊಳ್ಳಿ. ಅದೂ ರಾಷ್ಟ್ರೀಯ ಸ್ಮಾರಕ. ಅದಿಲ್ಲದ ಕೆ.ಜಿ.ಎಫ್. ಟ್ರಿಪ್ಪಿಗೆ ನಾನಂತೂ ದುಡ್ಡು ಕೊಡುವುದಿಲ್ಲ. ಚಿನ್ನದ ಗಣಿ ಈಗಲೂ ನಡೆಯುವುದನ್ನು ನೋಡಬೇಕು ಅನ್ನುವವರಿಗೆ ರಾಯಚೂರು ಜಿಲ್ಲೆಯ ಹಟ್ಟಿಯೇ ಗತಿ. ಅದಕ್ಕೆ ಅನುಮತಿ, ದೂರ, ಸಮಯ ಎಲ್ಲವೂ ಬೇರೆ ಲೆಕ್ಕ.

ಎರಡು ಮೂರು ದಿನ: ಚಿತ್ರದುರ್ಗ

ನನ್ನನ್ನು ಕೇಳಿದರೆ ಹೆಚ್ಚು ಜನರಿಗೆ ಹೊಂದುವ ಟ್ರಿಪ್ ಇದು. ಹೆದ್ದಾರಿಯಲ್ಲಿ ಸುಮಾರು 200 ಕಿ.ಮೀ., ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಮೊದಲ ಸ್ಟಾಪ್. ಒಂದು ರಾತ್ರಿ ಚಿತ್ರದುರ್ಗದಲ್ಲೇ ಉಳಿದುಕೊಂಡರೆ ಮರುದಿನ ಬಸ್ಸಿನಲ್ಲಿ ಕೂರುವುದು ಕಡಿಮೆ, ಬಂಡೆ ಮೇಲೆ ಇರುವುದು ಜಾಸ್ತಿ.

ಮರಡಿಹಳ್ಳಿಯ ದಿಂಬು ಲಾವಾ ಇಲ್ಲಿಯ ಮುಖ್ಯ ಆಕರ್ಷಣೆ. ಸುಮಾರು 250 ಕೋಟಿ ವರ್ಷ ಹಿಂದೆ ಸಮುದ್ರದ ತಳದಲ್ಲಿ ಲಾವಾ ಉಕ್ಕಿತು. ನೀರು ತಾಗಿದ ಕೂಡಲೇ ಹೊರಗಿನ ಪದರ ಗಟ್ಟಿಯಾಗಿ, ಒಳಗಿನ ಬಿಸಿ ಲಾವಾ ಅದನ್ನು ಒಡೆದು ಮುಂದಕ್ಕೆ ಉಬ್ಬಿ, ಮತ್ತೆ ಗಟ್ಟಿಯಾಗಿ, ಹೀಗೆ ದಿಂಬುಗಳು ಒಂದರ ಮೇಲೊಂದು ಬಿದ್ದವು. ಹತ್ತಿರ ಕೂತು ಒಂದೇ ದಿಂಬನ್ನು ನೋಡಿ. ಅಂಚಿನ ಉದ್ದಕ್ಕೂ ನುಣುಪಾದ ಕಪ್ಪು ಗೆರೆ ಕಾಣುತ್ತದೆ, ಅದು ತಣ್ಣೀರಿಗೆ ತಕ್ಷಣ ಹೆಪ್ಪುಗಟ್ಟಿದ ಚರ್ಮ. ಒಂದು ಕಡೆ ಗುಂಡಗೆ ಉಬ್ಬಿರುತ್ತದೆ, ಎದುರು ಕಡೆ ಚೂಪಾಗಿ ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದಿರುತ್ತದೆ. ಉಬ್ಬಿದ ಕಡೆ ಮೇಲು, ಚೂಪಾದ ಕಡೆ ಕೆಳಗು. ಪದರಗಳೆಲ್ಲ ನೆಟ್ಟಗೆ ನಿಂತುಬಿಟ್ಟ ಈ ಪ್ರದೇಶದಲ್ಲಿ ಯಾವುದು ಹಳೆಯದು, ಯಾವುದು ಹೊಸದು ಅಂತ ಹೇಳಲು ಇಂಥ ಗುರುತುಗಳೇ ಆಧಾರ. ಪುಸ್ತಕದ ಚಿತ್ರದಲ್ಲಿ ಇದನ್ನು ಕಲಿಸಿದ ಮೇಷ್ಟ್ರುಗಳು ಇಲ್ಲಿ ತಾವೇ ಕೈಯಿಂದ ಮುಟ್ಟಿ ನೋಡುವಾಗ ಅವರ ಮುಖ ನೋಡಬೇಕು.

ಇದರ ಜೊತೆ ಹೊಳಲ್ಕೆರೆ ಕಡೆಯ ತಾಳ್ಯದ ಕಾಂಗ್ಲಾಮರೇಟ್. ಹಳೆಯ ಹೊಳೆಗಳು ಉರುಳಿಸಿದ ಗ್ರಾನೈಟ್, ಬೆಣಚುಕಲ್ಲಿನ ಗುಂಡುಗಳು ಒತ್ತಡಕ್ಕೆ ಸಿಕ್ಕಿ ಉದ್ದಕ್ಕೆ ಎಳೆದುಹೋಗಿವೆ. ಇಂಗಳದಾಳದ ಹಳೆಯ ತಾಮ್ರದ ಗಣಿ. ಚಿತ್ರದುರ್ಗ ಶಿಲಾಪಟ್ಟಿಯ ಪೂರ್ವದ ಅಂಚಿನ ಷಿಯರ್ ವಲಯ (ಕಲ್ಲುಗಳು ಪಕ್ಕಪಕ್ಕಕ್ಕೆ ಜಾರಿ ಅರೆದುಹೋದ ಜಾಗ), ಅಂದರೆ ಪಶ್ಚಿಮ ಮತ್ತು ಪೂರ್ವ ಧಾರವಾಡ ಕ್ರೇಟಾನ್‌ಗಳ ಗಡಿ ಅಂತ ಹಲವರು ಒಪ್ಪುವ ಗೆರೆ. ಕೆಲವರು ಆ ಗೆರೆಯನ್ನು ಬೇರೆ ಕಡೆ ಎಳೆಯುತ್ತಾರೆ, ಆ ಚರ್ಚೆಗೂ ಇಲ್ಲಿ ಜಾಗವಿದೆ. ಲಾವಾ, ಕೆಸರು, ಗುಂಡುಕಲ್ಲು, ಅದಿರು, ಸೀಳು, ಇಷ್ಟೂ ಬಗೆ ಇಷ್ಟು ಕಡಿಮೆ ದೂರದಲ್ಲಿ ಸಿಗುವುದು ಅಪರೂಪ. ಸಂಜೆ ಕೋಟೆಗೆ ಹೋಗಲು ಸಮಯ ಇಟ್ಟಿದ್ದರೆ ಇನ್ನೂ ಒಳ್ಳೆಯದು.

ಕಷ್ಟವೂ ಇದೆ. ನೆರಳು ಕಡಿಮೆ, ಗಾಳಿ ಜೋರು, ಜಾಲಿ ಮುಳ್ಳು ಬೇಕಾದಷ್ಟು. ತೆಳ್ಳನೆಯ ಚಪ್ಪಲಿಯಲ್ಲಿ ಬಂದವರು ಮೊದಲ ಸ್ಟಾಪಿನಲ್ಲೇ ಕೂತುಬಿಡುತ್ತಾರೆ. ಊರಿನವರು ಬಂದು "ಚಿನ್ನ ಸಿಕ್ತಾ ಸಾರ್?" ಅಂತ ಕೇಳಿಯೇ ಕೇಳುತ್ತಾರೆ. ತಮಾಷೆ ಮಾಡಿ ಹೌದು ಅನ್ನಬೇಡಿ. ಜಮೀನು ಹೋಗುತ್ತದೋ ಏನೋ ಅನ್ನುವ ಭಯ ಅದರ ಹಿಂದೆ ಇರುತ್ತದೆ. ಕನ್ನಡ ಬಲ್ಲವರು ಎರಡು ಮಾತು ಬಿಡಿಸಿ ಹೇಳಿದರೆ ನೀರು, ಮಜ್ಜಿಗೆ ಕೂಡ ಬರುತ್ತದೆ.

ಹಾಸನ, ಹೊಳೆನರಸೀಪುರ: ಹಳೆಯದರ ಹುಚ್ಚಿದ್ದರೆ

ಗೊರೂರಿನ ನೈಸ್ ಸುಮಾರು 330 ಕೋಟಿ ವರ್ಷದ್ದು. ಹೊಳೆನರಸೀಪುರ ಪಟ್ಟಿಯ ಕೊಮಾಟೈಟ್ ಇನ್ನೊಂದು ಆಕರ್ಷಣೆ. ಈಗಿನ ಯಾವ ಜ್ವಾಲಾಮುಖಿಯೂ ಉಗುಳದಷ್ಟು ಬಿಸಿಯಾದ, ಮೆಗ್ನೀಸಿಯಂ ತುಂಬಿದ ಲಾವಾ ಅದು. ಭೂಮಿಯ ಒಡಲು ಆಗ ಎಷ್ಟು ಕುದಿಯುತ್ತಿತ್ತು ಅನ್ನುವುದಕ್ಕೆ ಸಾಕ್ಷಿ. ಬೇಗ ತಣಿದಾಗ ಹರಳುಗಳು ಹುಲ್ಲಿನ ಎಸಳಿನಂತೆ ಉದ್ದುದ್ದಕ್ಕೆ ಅಡ್ಡಾದಿಡ್ಡಿ ಬೆಳೆದಿರುತ್ತವೆ. ಅದನ್ನು ಸ್ಪಿನಿಫೆಕ್ಸ್ ಅನ್ನುತ್ತಾರೆ. ಒಮ್ಮೆ ಕಂಡರೆ ಮರೆಯುವುದಿಲ್ಲ.

ಕಾಣುವುದೇ ಕಷ್ಟ. ಇಲ್ಲಿ ಬಂಡೆಗಳು ಚಿತ್ರದುರ್ಗದಷ್ಟು ತೆರೆದುಕೊಂಡಿಲ್ಲ. ತೆಂಗಿನ ತೋಟದ ಬದಿ, ರಾಗಿ ಹೊಲದ ನಡುವಿನ ಸಣ್ಣ ದಿಬ್ಬ, ಕಾಲುವೆ ತೋಡಿದ ಜಾಗ, ಹೀಗೆ ಚೂರು ಚೂರು. ಹವೆಗೆ ಸವೆದು ಬಣ್ಣಗೆಟ್ಟ ಕಲ್ಲಿನಲ್ಲಿ ಗುರುತು ಹಿಡಿಯಲು ಪಳಗಿದ ಕಣ್ಣು ಬೇಕು. ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಇದು ಬೋರ್ ಹೊಡೆಸಬಹುದು. ಆರ್ಕಿಯನ್ ಕಾಲದ (250 ಕೋಟಿ ವರ್ಷಕ್ಕೂ ಹಿಂದಿನದು) ಮೇಲೆ ಸಂಶೋಧನೆ ಮಾಡುವವರಿಗೆ, ಕ್ರೋಮೈಟ್ ಅದಿರಿನ ಕೆಲಸದಲ್ಲಿ ಇರುವವರಿಗೆ ಮಾತ್ರ ಇದಕ್ಕೆ ಸಾಟಿಯಿಲ್ಲ. ಹತ್ತಿರದ ನುಗ್ಗೇಹಳ್ಳಿ ಪಟ್ಟಿಯ ಬೈರಾಪುರದಲ್ಲಿ ಕ್ರೋಮೈಟ್ ಗಣಿಯೂ ಇದೆ.

ಒಂದು ಸಮಾಧಾನ: ಬೇಲೂರು, ಹಳೇಬೀಡು ದೂರವಿಲ್ಲ. ಹೊಯ್ಸಳರ ಶಿಲ್ಪಿಗಳು ಬಳಸಿದ ಬಳಪದ ಕಲ್ಲು ಇಂಥ ಶಿಲಾಪಟ್ಟಿಗಳದ್ದೇ. ಬೆಳಗ್ಗೆ ಹೊಲದಲ್ಲಿ ಉಗುರಿನಿಂದ ಕೆರೆದು ನೋಡಿದ ಮೆತ್ತನೆಯ ಕಲ್ಲು ಸಂಜೆ ಮದನಿಕೆಯ ಬೆರಳಾಗಿ ಕಾಣುತ್ತದೆ. ಮನೆಯವರನ್ನೂ ಜೊತೆಗೆ ಕರೆದೊಯ್ಯಲು ಇದೊಂದು ನೆಪ, ಅಲ್ವಾ?

ಹೊಸಪೇಟೆ, ಸಂಡೂರು, ಬಾದಾಮಿ: ಉದ್ದನೆಯ ದಾರಿ

ಸಮ್ಮೇಳನ ಮುಗಿದ ಮೇಲಿನ ಮೂರು ನಾಲ್ಕು ದಿನದ ಟ್ರಿಪ್ ಅಂದರೆ ಹೆಚ್ಚಾಗಿ ಇದು. ದುಡ್ಡು ಜಾಸ್ತಿ, ದೂರ ಜಾಸ್ತಿ. ಬೆಂಗಳೂರಿಂದ ಹೊಸಪೇಟೆಗೇ 340 ಕಿ.ಮೀ. ಹತ್ತಿರ. ರಾತ್ರಿ ರೈಲಿನಲ್ಲಿ ಹೋಗಿ ಅಲ್ಲಿಂದ ಟಿಟಿ ಮಾಡುವ ಯೋಜನೆ ಇದ್ದರೆ ಒಪ್ಪಿಕೊಳ್ಳಿ, ಬಸ್ಸಿನಲ್ಲೇ ಪೂರ್ತಿ ಅಂದರೆ ಯೋಚಿಸಿ.

ಸಂಡೂರಿನಲ್ಲಿ ನೋಡಬೇಕಾದ್ದು ಪಟ್ಟೆ ಪಟ್ಟೆಯ ಕಬ್ಬಿಣದ ಶಿಲೆ. ಕೆಂಪು, ಬೂದು ಗೆರೆಗಳು ಬೆರಳಿನಗಲ, ಅದಕ್ಕಿಂತಲೂ ತೆಳ್ಳಗೆ, ಮಡಚಿ ಮಡಚಿ ಹೋಗಿರುತ್ತವೆ. ಗಾಳಿಯಲ್ಲಿ ಆಮ್ಲಜನಕ ಇನ್ನೂ ಇಲ್ಲವೇ ಇಲ್ಲ ಅನ್ನುವಂತಿದ್ದ ಕಾಲದ ಸಮುದ್ರ ಬಿಟ್ಟುಹೋದ ಗುರುತು. ಗಣಿಯೊಳಗೆ ಹೋಗಬೇಕಾದರೆ ಅನುಮತಿ, ಹೆಲ್ಮೆಟ್, ಸೇಫ್ಟಿ ಶೂ ಬೇಕೇ ಬೇಕು. ಗಣಿ ಉದ್ಯೋಗ ಹುಡುಕುತ್ತಿರುವ ಎಂ.ಎಸ್ಸಿ. ಹುಡುಗರು ಬೇರೆ ಏನೂ ನೋಡದೆ ಇದನ್ನು ಆರಿಸಬಹುದು. ಗಣಿಯ ಭೂವಿಜ್ಞಾನಿಗಳ ಜೊತೆ ಅರ್ಧ ದಿನ ಕಳೆಯುವುದು ಯಾವ ಸಂದರ್ಶನಕ್ಕಿಂತಲೂ ಮೇಲು.

ಹಂಪಿಯ ಗುಂಡುಗಳು ಎಲ್ಲರಿಗೂ ಗೊತ್ತು. ಯಾರೋ ತಂದು ಪೇರಿಸಿದ್ದಲ್ಲ, ಗ್ರಾನೈಟಿನ ಸೀಳುಗಳ ಉದ್ದಕ್ಕೂ ನೀರು ಇಳಿದು, ಮೂಲೆಗಳು ಕೊಳೆತು, ಒಳಗಿನ ಗಟ್ಟಿ ಭಾಗ ಉಳಿದದ್ದು. ಇದಕ್ಕೆ ಒಂದು ಗಂಟೆ ಸಾಕು. ಆಯೋಜಕರು ಅರ್ಧ ದಿನ ಇಟ್ಟಿದ್ದರೆ ಅದು ದೇವಸ್ಥಾನ ನೋಡಲು.

ಬಾದಾಮಿಯಲ್ಲಿ ನೆಲ ಬೇರೆ, ಕಾಲ ಬೇರೆ. ಕಲಾದಗಿ ಜಲಾನಯನದ, ಅಂದರೆ ಹಿಂದೆ ಮರಳು ಕೆಸರು ಬಂದು ತುಂಬಿಕೊಂಡ ತಗ್ಗಿನ, ಕೆಂಪು ಮರಳುಗಲ್ಲು. ಗುಹೆಯ ಗೋಡೆಗಳಲ್ಲಿ ಓರೆ ಪದರಗಳನ್ನು ಹುಡುಕಿ, ಹಳೆಯ ನೀರು ಯಾವ ದಿಕ್ಕಿಗೆ ಹರಿಯುತ್ತಿತ್ತು ಅಂತ ಅದು ಹೇಳುತ್ತದೆ. ಚಾಲುಕ್ಯರ ಶಿಲ್ಪಗಳ ಹಿಂದೆಯೇ ಈ ಗೆರೆಗಳಿವೆ, ಪ್ರವಾಸಿಗರು ಯಾರೂ ಅದನ್ನು ನೋಡುವುದಿಲ್ಲ. ರಾಮದುರ್ಗದ ಕಡೆ ಇನ್ನೂ ದೊಡ್ಡದೊಂದು ನೋಟವಿದೆ. ಕೆಳಗೆ ವಾಲಿಕೊಂಡ ಹಳೆಯ ಪದರಗಳು, ಅವುಗಳ ತಲೆ ಸವರಿ ಹಾಕಿದ ಮೇಲೆ ಮಟ್ಟಸವಾಗಿ ಕೂತ ಹೊಸ ಪದರಗಳು. ಕೆಳಗಿನವು ಸಮುದ್ರದಡಿಯಲ್ಲಿ ಹುಟ್ಟಿ, ಮಡಚಿ, ಮೇಲೆದ್ದು, ಸವೆದುಹೋದ ಆಮೇಲೆ ಮೇಲಿನವು ಬಂದವು. ನಡುವಿನ ಆ ಒಂದು ಗೆರೆಯಲ್ಲಿ ಕಾಣೆಯಾದ ಕಾಲ ಎಷ್ಟು ಅಂತ ಯೋಚಿಸುತ್ತಾ ನಿಂತವರನ್ನು ಬಸ್ಸಿಗೆ ಹತ್ತಿಸುವುದೇ ಕಷ್ಟ. ಜಲಜ ಶಿಲೆಗಳ (ಮರಳು, ಕೆಸರು ಪದರಪದರವಾಗಿ ಕೂತು ಆದ ಕಲ್ಲುಗಳ) ಕೆಲಸ ಮಾಡುವವರಿಗೆ ಇಡೀ ಟ್ರಿಪ್ಪಿನ ದುಡ್ಡು ಇಲ್ಲೇ ಬಂದುಬಿಡುತ್ತದೆ.

ಮೊಣಕಾಲು ನೋವಿರುವ ಹಿರಿಯರಿಗೆ ಬಾದಾಮಿಯ ಮೆಟ್ಟಿಲು ಸ್ವಲ್ಪ ಕಷ್ಟ. ಉಳಿದಂತೆ ನಡಿಗೆ ಕಡಿಮೆ, ಹೋಟೆಲ್ ಚೆನ್ನಾಗಿ ಸಿಗುತ್ತದೆ. ಹೊರದೇಶದಲ್ಲಿ ನೆಲೆಸಿ, ಸಮ್ಮೇಳನದ ನೆಪದಲ್ಲಿ ಊರಿಗೆ ಬರುವ ನಮ್ಮವರು ಮಕ್ಕಳನ್ನೂ ಕರೆತರುವುದಾದರೆ ಇದನ್ನೇ ಆರಿಸಲಿ.

ಮಲ್ಪೆಯ ದ್ವೀಪ

ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳಿಗೆ ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ಭಾರತದಿಂದ ಕಳಚಿಕೊಂಡ ಕಾಲದ ಲಾವಾ. ಚಂದ ಇದೆ, ಅನುಮಾನವಿಲ್ಲ. ಆದರೆ ಬೆಂಗಳೂರಿಂದ 400 ಕಿ.ಮೀ. ಹೋಗಿ, ಘಟ್ಟ ಇಳಿದು, ದೋಣಿ ಹತ್ತಿ ನೋಡುವುದು ಒಂದೇ ಸ್ಟಾಪ್. ಸಮ್ಮೇಳನ ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಇದ್ದರೆ ಕಣ್ಣು ಮುಚ್ಚಿ ಹೋಗಿ. ಬೆಂಗಳೂರಿನಲ್ಲಿದ್ದರೆ ಬೇಡ, ಯಾವಾಗಲಾದರೂ ಕೃಷ್ಣಮಠಕ್ಕೆ ಹೋದಾಗ ನೋಡಿದರಾಯಿತು.

ಮೊದಲೋ, ಆಮೇಲೋ?

ಒಂದೇ ಟ್ರಿಪ್ ಸಮ್ಮೇಳನಕ್ಕೆ ಮೊದಲೂ ಆಮೇಲೂ ಇದ್ದರೆ ನಾನು ಮೊದಲಿನದನ್ನೇ ಆರಿಸುತ್ತೇನೆ. ಎರಡು ದಿನ ಒಟ್ಟಿಗೆ ತಿರುಗಾಡಿದವರ ಪರಿಚಯ ಸಭಾಂಗಣಕ್ಕೆ ಬರುವ ಮೊದಲೇ ಆಗಿರುತ್ತದೆ. ಟೀ ಬ್ರೇಕಿನಲ್ಲಿ ಒಬ್ಬರೇ ಮೂಲೆಯಲ್ಲಿ ನಿಲ್ಲಬೇಕಿಲ್ಲ. ಭಾಷಣದಲ್ಲಿ ಯಾರಾದರೂ ಮರಡಿಹಳ್ಳಿ ಅಂದರೆ ನಿಮ್ಮ ಕಣ್ಣಮುಂದೆ ಆ ಬಂಡೆ ಬರುತ್ತದೆ, ಪ್ರಶ್ನೆ ಕೇಳಲು ಧೈರ್ಯ ಬರುತ್ತದೆ. ಮೊದಲ ಸಲ ಸಮ್ಮೇಳನಕ್ಕೆ ಬರುವ ವಿದ್ಯಾರ್ಥಿಗಳಿಗೆ ಇದು ದೊಡ್ಡ ಲಾಭ.

ಆಮೇಲಿನ ಟ್ರಿಪ್ಪಿಗೂ ಪರ ಇದೆ. ಸಭೆಯಲ್ಲಿ ಎದ್ದ ಜಗಳ ಬಂಡೆಯ ಮುಂದೆ ಮುಂದುವರಿಯುತ್ತದೆ. ಜನ ಕಡಿಮೆಯಾಗಿರುತ್ತಾರೆ, ಆಸಕ್ತಿ ಇದ್ದವರು ಮಾತ್ರ ಉಳಿದಿರುತ್ತಾರೆ. ಆದರೆ ಎಲ್ಲರೂ ದಣಿದಿರುತ್ತಾರೆ. ಕೊನೆಯ ದಿನ ಅರ್ಧ ಬಸ್ಸು ರೈಲಿನ ಸಮಯ ನೋಡುತ್ತಾ ಕೂತಿರುತ್ತದೆ. ಆಮೇಲಿನದನ್ನು ಆರಿಸಿದರೆ ವಾಪಸ್ ಟಿಕೆಟ್ ಒಂದು ದಿನ ತಡವಾಗಿಯೇ ಮಾಡಿಸಿ.

ಯಾವುದೂ ಹೊಂದಲಿಲ್ಲ ಅನ್ನಿ. ನಾಲ್ಕೈದು ಗೆಳೆಯರು ಸೇರಿ ಒಂದು ಗಾಡಿ ಮಾಡಿಕೊಂಡು ಹೋಗುವುದು ಅಗ್ಗವೇ ಆಗುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂಕೋಶ್ ತಾಣದಲ್ಲಿ ನಕ್ಷೆಗಳು ಪುಕ್ಕಟೆ ಸಿಗುತ್ತವೆ. ಸಮ್ಮೇಳನದಲ್ಲಿ ಟ್ರಿಪ್ಪಿನ ಗೈಡ್‌ಬುಕ್ ಮಾತ್ರ ಕೊಂಡುಕೊಳ್ಳಿ, ಟ್ರಿಪ್ಪಿಗೆ ಹೋಗದವರಿಗೂ ಕೆಲವರು ಮಾರುತ್ತಾರೆ. ಅದರಲ್ಲಿ ಸ್ಟಾಪುಗಳ ಅಕ್ಷಾಂಶ ರೇಖಾಂಶ ಇರುತ್ತದೆ. ಕಬ್ಬಾಳದುರ್ಗ, ಚಿತ್ರದುರ್ಗ, ಬಾದಾಮಿಗೆ ಹೀಗೆ ಹೋಗಬಹುದು. ಹೊಳೆನರಸೀಪುರಕ್ಕೆ ಮತ್ತು ಗಣಿಗಳಿಗೆ ಮಾತ್ರ ತಿಳಿದವರಿಲ್ಲದೆ ಹೋಗಿ ಪ್ರಯೋಜನವಿಲ್ಲ. ಹಾಗಾಗಿ ದುಡ್ಡು ಕೊಟ್ಟು ಹೋಗುವ ಅವಕಾಶ ಒಂದೇ ಇದ್ದರೆ, ನೀವೇ ಹೋಗಲಾಗದ ಜಾಗಕ್ಕೇ ಅದನ್ನು ಖರ್ಚು ಮಾಡುವುದೂ ಒಂದು ಜಾಣತನ.

ಹೆಸರು ಕೊಡುವ ಮುನ್ನ ಆಯೋಜಕರಿಗೆ ಒಂದು ಇಮೇಲ್ ಹಾಕಿ. ದಿನಕ್ಕೆ ಎಷ್ಟು ಸ್ಟಾಪ್, ಮುಂದಾಳು ಯಾರು, ಬಸ್ಸಿಗೆ ಎಷ್ಟು ಜನ, ಸಾಕಷ್ಟು ಜನ ಸೇರದೆ ಟ್ರಿಪ್ ರದ್ದಾದರೆ ದುಡ್ಡು ವಾಪಸ್ ಕೊಡ್ತೀರಾ, ಇಷ್ಟೇ ಕೇಳಿ. ಎರಡು ದಿನದೊಳಗೆ ಸ್ಪಷ್ಟ ಉತ್ತರ ಬಂದರೆ ದುಡ್ಡು ಕಟ್ಟಿ. "ವಿವರಗಳನ್ನು ನಂತರ ತಿಳಿಸಲಾಗುವುದು" ಅಂತ ಬಂದರೆ ಗೆಳೆಯರಿಗೆ ಫೋನ್ ಮಾಡಿ ಗಾಡಿ ನೋಡಲು ಹೇಳಿ.